ಎಂಟು ಹೇಂಟೆ, ಒಂಬತ್ತು ಮೊಟ್ಟೆ

ಕಂಡಕ್ಟರು ನಿವೃತ್ತರಾಗಿ ಮೂರು ವರ್ಷವಾಗಿತ್ತು. ಅವರು ಕೆಲಸ ಬಿಟ್ಟರೂ ಕೆಲಸ ಅವರನ್ನು ಬಿಟ್ಟಿರಲಿಲ್ಲ. ಯಾರ ಮನೆಗೆ ಹೋದರೂ, ಕುರ್ಚಿ ಖಾಲಿಯಿದ್ದರೂ, ಬಾಗಿಲ ಪಕ್ಕದಲ್ಲೇ ಚೌಕಟ್ಟಿಗೆ ಒಂದು ಕೈ ಊರಿಕೊಂಡು ನಿಲ್ಲುವರು. ಬ್ಯಾಂಕಿನಲ್ಲಾಗಲಿ ಆಸ್ಪತ್ರೆಯಲ್ಲಾಗಲಿ ನಾಲ್ಕು ಜನ ಸಾಲಾಗಿ ಕೂತಿದ್ದು ಕಂಡರೆ ಸಾಕು, ತುಟಿ ಅಲ್ಲಾಡಿಸುತ್ತ ತಲೆ ಎಣಿಸುವರು. ಮೂವತ್ತೊಂದು ವರ್ಷ ತಲೆಗೂ ಟಿಕೆಟ್ಟಿಗೂ ತಾಳೆ ನೋಡಿದ ಮನುಷ್ಯ. ಒಂದು ತಲೆ ಹೆಚ್ಚುಕಮ್ಮಿಯಾದರೂ ಅವತ್ತು ಅವರಿಗೆ ಊಟ ಸೇರುತ್ತಿರಲಿಲ್ಲ.

ಮದುವೆ ಮಾಡಿಕೊಂಡಿರಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ "ಡ್ಯೂಟಿ ಇತ್ತು" ಎಂದೇ ಉತ್ತರ, ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ಮಧ್ಯಾಹ್ನ ಬಿಡುವು ಸಿಗಲಿಲ್ಲವೇನೋ ಎಂಬ ಹಾಗೆ. ತಾಯಿ ಇರುವವರೆಗೆ ಮನೆಯಲ್ಲಿ ಬೈಯುವುದಕ್ಕಾದರೂ ಒಬ್ಬರಿದ್ದರು. ಅವರು ತೀರಿಕೊಂಡು ಹನ್ನೊಂದು ವರ್ಷ. ನಿವೃತ್ತಿಯ ಮೊದಲ ತಿಂಗಳು, ಬೆಳಗಿನಿಂದ ಸಂಜೆಯವರೆಗೆ ಯಾರಿಗೂ "ಒಳಗೆ ನಡೀರಿ" ಅನ್ನದೆ ಕಂಡಕ್ಟರಿಗೆ ಗಂಟಲೇ ಕಟ್ಟಿದ ಹಾಗಾಯಿತು. ಎರಡನೇ ತಿಂಗಳು ಎಂಟು ಕೋಳಿಮರಿ ತಂದು ಹಿತ್ತಲಿಗೆ ಬಿಟ್ಟರು.

ಮರಿಗಳು ಬೆಳೆದು ಎಂಟು ಹೇಂಟೆಗಳಾದವು. ಕಂದು ಬಣ್ಣದ ದೊಡ್ಡ ತಳಿ, ಒಂದೊಂದೂ ಮೂರೂವರೆ ಕಿಲೋ. ಎಕ್ಸ್‌ಪ್ರೆಸ್, ಶಟಲ್, ಸಿಟಿ, ಡಿಪೋ ಎಂದೆಲ್ಲ ಹೆಸರಿಟ್ಟರು. ಡಿಪೋ ಎಲ್ಲಕ್ಕಿಂತ ದಪ್ಪ, ಎಲ್ಲಕ್ಕಿಂತ ನಿಧಾನ, ಕೂತರೆ ಏಳುವ ಮಾತೇ ಇಲ್ಲ. ಸಂಜೆಯಾದರೆ ಕಂಡಕ್ಟರು ಗೂಡಿನ ಬಾಗಿಲಲ್ಲಿ ನಿಂತು, "ಒಳಗೆ ನಡೀರಿ, ಒಳಗೆ ನಡೀರಿ, ಹಿಂದೆ ಜಾಗ ಇದೆ" ಎಂದು ಕೂಗಿ, ಎಂಟು ತಲೆ ಎಣಿಸಿ, ಚಿಲಕ ಹಾಕಿ, ತಗಡಿಗೆ ಎರಡು ಸಲ ತಟ್ಟಿ "ರೈಟ್" ಅನ್ನುವರು. ದಿನಕ್ಕೆ ಐದೋ ಆರೋ ಮೊಟ್ಟೆ. ಲೆಕ್ಕಕ್ಕೆ ಲೆಕ್ಕ ಸರಿ, ಬದುಕು ಸರಿ.

ಇಂಥ ಹೊತ್ತಿನಲ್ಲಿ ಅಕ್ಕ ಬಂದಳು.

ಅಕ್ಕ ಕಂಡಕ್ಟರಿಗಿಂತ ನಾಲ್ಕು ವರ್ಷ ದೊಡ್ಡವಳು. ಭಾವ ಹೋಗಿ ವರ್ಷವಾಗಿತ್ತು, ಮಕ್ಕಳಿರಲಿಲ್ಲ, ಇದ್ದ ಬಾಡಿಗೆ ಮನೆಯನ್ನು ಓನರು ಮಗನಿಗೆ ಬೇಕು ಎಂದು ಬಿಡಿಸಿಕೊಂಡಿದ್ದ. ಆಟೋದಿಂದ ಮೊದಲು ಟ್ರಂಕು ಇಳಿಯಿತು, ಆಮೇಲೆ ಅಕ್ಕ, ಕೊನೆಗೆ ಮುಚ್ಚಳ ಕಟ್ಟಿದ ಒಂದು ಬೆತ್ತದ ಬುಟ್ಟಿ. ಬುಟ್ಟಿಯೊಳಗಿಂದ ಯಾರೋ ಕೂಗಿದರು. ಕೂಗು ಸಣ್ಣದಾದರೂ ಅದರಲ್ಲಿದ್ದ ಅಹಂಕಾರ ಸಣ್ಣದಾಗಿರಲಿಲ್ಲ.

"ಏನಕ್ಕ ಅದು?"

"ನಮ್ಮ ಮಾವನವರು," ಎಂದಳು ಅಕ್ಕ.

ಮುಚ್ಚಳ ತೆಗೆದರೆ ಒಂದು ಗಿಡ್ಡ ತಳಿಯ ಹುಂಜ, ಮೂರು ಗಿಡ್ಡ ಹೇಂಟೆ. ನಾಲ್ಕನ್ನೂ ಒಟ್ಟಿಗೆ ತಕ್ಕಡಿಗೆ ಹಾಕಿದರೂ ಡಿಪೋ ಒಂದರ ತೂಕ ಬರುವುದಿಲ್ಲ. ಹುಂಜ ಮಾವನವರು. ಹೇಂಟೆಗಳು ಅತ್ತೆಯವರು, ದೊಡ್ಡ ಓರಗಿತ್ತಿ, ಚಿಕ್ಕ ಓರಗಿತ್ತಿ. ತುಂಬಿದ ಮನೆಯಲ್ಲಿ ಮೂವತ್ತೆಂಟು ವರ್ಷ ಸೊಸೆಯಾಗಿ ಬಾಳಿದವಳು ಅಕ್ಕ. ಒಬ್ಬೊಬ್ಬರಾಗಿ ಎಲ್ಲರೂ ಹೋದಮೇಲೆ, ಆಗ ಬಾಯಿಗೆ ಬಂದು ನುಂಗಿಕೊಂಡಿದ್ದನ್ನೆಲ್ಲ ಈಗ ಈ ನಾಲ್ವರಿಗೆ ಹೇಳುತ್ತಿದ್ದಳು. ಆದರೂ ಅಭ್ಯಾಸ ಎಲ್ಲಿ ಹೋಗುತ್ತದೆ, ಬಹುವಚನ ಬಿಟ್ಟಿರಲಿಲ್ಲ. "ಅತ್ತೆ, ಎಷ್ಟು ಕೆದಕ್ತೀರಿ, ತೆಪ್ಪಗೆ ತಿನ್ನಿ. ಮಾವ, ನಿಮಗೆ ಎಷ್ಟು ಸಲ ಹೇಳ್ಬೇಕು?"

"ನಾದಿನಿ ಹೆಸರು ಯಾರಿಗೂ ಇಟ್ಟಿಲ್ವಾ?" ಎಂದು ಕಂಡಕ್ಟರು ಕೇಳಿದರು.

"ಛೇ, ಅವಳಿನ್ನೂ ಬದುಕಿದ್ದಾಳಲ್ಲೋ."

ಬದುಕಿದ್ದ ನಾದಿನಿಯೇ ತೊಡಕು. ಅವಳದು ಬೇರೆ ಊರಿನಲ್ಲಿ ಮೂರನೇ ಮಹಡಿಯ ಮನೆ. ಒಂದು ರೂಮು ಖಾಲಿಯಿದೆ, ಬಂದುಬಿಡು, ಆದರೆ ಕೋಳಿ ಕೂಡದು ಎಂದಿದ್ದಳು. ಅಕ್ಕ ಕಾಫಿ ಲೋಟ ಕೆಳಗಿಟ್ಟು ನೇರವಾಗಿ ವಿಷಯಕ್ಕೆ ಬಂದಳು.

"ಒಂದು ತಿಂಗಳು ನೋಡೋಣ ಕಣೋ. ನಿನ್ನ ಕೋಳಿ ನನ್ನ ಕೋಳಿ ಹೊಂದಿಕೊಂಡ್ರೆ ಸರಿ. ಇಲ್ಲಾಂದ್ರೆ ಇವನ್ನ ಯಾರಿಗಾದ್ರೂ ಕೊಟ್ಟು ನಾದಿನಿ ಮನೆಗೆ ಹೋಗ್ತೀನಿ. ನೀನೇನೂ ಮುಜುಗರ ಪಟ್ಕೋಬೇಡ."

"ಸರಿ ಬಿಡು, ನೋಡೋಣ," ಎಂದರು ಕಂಡಕ್ಟರು. ಹೇಳಬೇಕೆಂದಿದ್ದು ಅದಲ್ಲ. ಆಟೋದಿಂದ ಟ್ರಂಕು ಇಳಿದದ್ದು ಕಂಡಾಗಲೇ ಅವರ ಎದೆ ತುಂಬಿ ಬಂದಿತ್ತು. ಅಡುಗೆಮನೆಯಲ್ಲಿ ಎರಡು ಲೋಟ ಒಟ್ಟಿಗೆ ತೊಳೆದಿಟ್ಟು ಎಷ್ಟು ವರ್ಷವಾಯಿತು ಎಂದು ಲೆಕ್ಕ ಹಾಕಿ, ಆ ಲೆಕ್ಕವನ್ನು ಅರ್ಧಕ್ಕೇ ಬಿಟ್ಟಿದ್ದರು. ಆದರೆ ಜೀವಮಾನವೆಲ್ಲ ಜನಕ್ಕೆ ಹತ್ತಿ, ಇಳೀರಿ, ಮುಂದೆ ಹೋಗಿ ಎಂದವರು. ಇಲ್ಲೇ ಇರು ಅನ್ನುವ ಮಾತು ಆ ಬಾಯಿಗೆ ಅಭ್ಯಾಸವಿರಲಿಲ್ಲ. ಅಕ್ಕ ಟ್ರಂಕನ್ನು ಮಂಚದ ಕೆಳಗೆ ತಳ್ಳಿದಳು, ಬಟ್ಟೆ ಹೊರಗೆ ತೆಗೆದಿಡಲಿಲ್ಲ. ಅದನ್ನು ಕಂಡಕ್ಟರು ಗಮನಿಸಿದರು. ಹಾಗಾದರೆ ಈ ಕೋಳಿಗಳನ್ನು ಹೇಗಾದರೂ ಮಾಡಿ ಹೊಂದಿಸಲೇಬೇಕು ಎಂದು ಅವತ್ತೇ ಪಣ ತೊಟ್ಟರು.

ಮಾರನೆಯ ದಿನ ಕೋಳಿ ಆಹಾರದ ಅಂಗಡಿಗೆ ಹೋದರು. ಅಂಗಡಿಯವನು ಮಾತು ಕಡಿಮೆ, ತಿಳಿವಳಿಕೆ ಜಾಸ್ತಿ.

"ದೊಡ್ಡದು ಚಿಕ್ಕದು ಒಟ್ಟಿಗೆ ಸಾಕಬಹುದು ಸಾರ್. ಆತುರ ಪಡಬಾರದು ಅಷ್ಟೆ. ಮೊದಲ ಒಂದು ವಾರ ಮಧ್ಯೆ ಜಾಲರಿ ಹಾಕಿ, ಮುಖ ಪರಿಚಯ ಆಗ್ಲಿ. ಆಮೇಲೆ ಬಿಡಿ. ಕಾಳು ನೀರು ಮೂರು ಕಡೆ ಇಡಿ, ಒಂದೇ ಕಡೆ ಇಟ್ರೆ ದೊಡ್ಡವು ಚಿಕ್ಕವನ್ನ ಹತ್ತಿರ ಸೇರಿಸಲ್ಲ. ಚಿಕ್ಕವು ಓಡಿಹೋಗಿ ಬಚ್ಚಿಟ್ಟುಕೊಳ್ಳೋಕೆ ಒಂದು ಪೆಟ್ಟಿಗೆ ಇರ್ಲಿ, ಬಾಗಿಲು ಎಷ್ಟು ಸಣ್ಣದು ಅಂದ್ರೆ ದೊಡ್ಡವು ನುಗ್ಗಬಾರದು. ಮತ್ತೆ ನೀವು ಮಧ್ಯೆ ಹೋಗಬೇಡಿ. ಅವುಗಳ ಜಗಳ ಅವೇ ಮುಗಿಸ್ಕೋತವೆ."

ಕೊನೆಯ ಮಾತೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಕಂಡಕ್ಟರು ಪಾಲಿಸಿದರು. ಜಾಲರಿ ಕಟ್ಟಿದರು. ಗೂಡಿನಲ್ಲಿ ಕೂರುವ ಗಳಗಳನ್ನು ಬಿಚ್ಚಿ ಮತ್ತೆ ಜೋಡಿಸಿದರು: ಗಿಡ್ಡವು ಚೆನ್ನಾಗಿ ಹಾರುತ್ತವೆ, ಆದ್ದರಿಂದ ಅವಕ್ಕೆ ಮೇಲಿನ ಗಳ, ದೊಡ್ಡವಕ್ಕೆ ಎರಡು ಇಟ್ಟಿಗೆ ಎತ್ತರದ ಗಳ. ಒಂದು ರಟ್ಟಿನ ಪೆಟ್ಟಿಗೆಗೆ ಅಂಗೈ ಅಗಲದ ಬಾಗಿಲು ಕೊರೆದು, ಮೇಲೆ ಮಾರ್ಕರಿನಲ್ಲಿ "ಮೀಸಲು" ಎಂದು ಬರೆದರು.

"ಕೋಳಿಗೆ ಓದೋಕೆ ಬರತ್ತೇನೋ?" ಎಂದಳು ಅಕ್ಕ.

"ಬಸ್ಸಲ್ಲಿ ಓದೋಕೆ ಬರೋರೂ ಓದ್ತಿರ್ಲಿಲ್ಲ ಬಿಡು," ಎಂದರು ಕಂಡಕ್ಟರು.

ಎಂಟನೇ ದಿನ ಜಾಲರಿ ತೆಗೆದರು. ಕಂಡಕ್ಟರು ಹಿತ್ತಲ ನಡುವೆ ಕುತ್ತಿಗೆಗೆ ಹಳೆಯ ಸೀಟಿ ನೇತು ಹಾಕಿಕೊಂಡು ನಿಂತರು. ಅವರ ಭಯವೆಲ್ಲ ತಮ್ಮ ಎಂಟರದು. ಡಿಪೋ ಒಂದು ಕುಕ್ಕು ಕುಕ್ಕಿದರೆ ಚಿಕ್ಕ ಓರಗಿತ್ತಿಯ ಕಥೆ ಮುಗಿದ ಹಾಗೆ. ಅಕ್ಕ ಬಾಗಿಲಲ್ಲಿ ಕೈ ಕೈ ಹಿಸುಕಿಕೊಳ್ಳುತ್ತ ನಿಂತಿದ್ದಳು.

ಆದದ್ದೇ ಬೇರೆ. ಮಾವನವರು ಎದೆ ಮುಂದೆ ಮಾಡಿ ನಡೆದು ಬಂದು, ಎಂಟು ಹೇಂಟೆಗಳನ್ನೂ ಒಂದು ಸುತ್ತು ನೋಡಿ, ಒಂದು ಇಟ್ಟಿಗೆ ಹತ್ತಿ ನಿಂತು ಕೂಗಿದರು. ಕೂಗಿ ಮುಗಿಸಿ ನೇರ ಡಿಪೋ ಮೇಲೆ ನುಗ್ಗಿದರು. ಮೂರೂವರೆ ಕಿಲೋ ಹೇಂಟೆ ಜನ್ಮದಲ್ಲಿ ಮೊದಲ ಸಲ ಓಡಿತು. ಓಡುತ್ತ ಓಡುತ್ತ ಬಚ್ಚಿಟ್ಟುಕೊಳ್ಳಲೆಂದು ಮೀಸಲು ಪೆಟ್ಟಿಗೆಯ ಬಾಗಿಲಿಗೆ ತಲೆ ತೂರಿಸಿತು. ತಲೆ ಹೋಯಿತು, ಮೈ ಹೋಗಲಿಲ್ಲ. ಪೆಟ್ಟಿಗೆಯನ್ನೇ ಹೊತ್ತುಕೊಂಡು ಹಿತ್ತಲ ತುಂಬ ಗಿರಕಿ ಹೊಡೆಯತೊಡಗಿತು. ಅದನ್ನು ಕಂಡ ಮಿಕ್ಕ ಏಳೂ ದಿಕ್ಕೆಟ್ಟು ಚೆದುರಿದವು. ಕಂಡಕ್ಟರು ಸೀಟಿ ಊದಿದರು. ಮಾವನವರು ಅದನ್ನು ತಮಗೆ ಸಂದ ಗೌರವ ಎಂದುಕೊಂಡು ಇನ್ನೊಂದು ಸಲ ಕೂಗಿದರು.

"ಮಾವ! ಮರ್ಯಾದೆ ಇಲ್ವಾ ನಿಮಗೆ? ಬಂದ ಮನೇಲಿ ಹೀಗಾ ಇರೋದು?" ಎಂದು ಅಕ್ಕ ಓಡಿ ಬಂದಳು. ಅವಳ ಮುಖ ಬಿಳಿಚಿಕೊಂಡಿತ್ತು. ತಮ್ಮ ಏನಾದರೂ ಅನ್ನಲಿ ಎಂದು ಕಾಯುವವಳ ಹಾಗೆ ಕಂಡಕ್ಟರ ಕಡೆ ನೋಡಿದಳು.

"ಪರವಾಗಿಲ್ಲ ಬಿಡಕ್ಕ. ಡಿಪೋಗೂ ಸ್ವಲ್ಪ ವ್ಯಾಯಾಮ ಬೇಕಾಗಿತ್ತು," ಎಂದರು ಕಂಡಕ್ಟರು, ರಟ್ಟಿನ ಪೆಟ್ಟಿಗೆಯಿಂದ ಕೋಳಿಯನ್ನು ಬಿಡಿಸುತ್ತ.

ಅವತ್ತು ಸಂಜೆ ಅಂಗಡಿಯವನಿಗೆ ಫೋನು ಹೋಯಿತು. "ಸೀಟಿ ಊದಿದ್ರಾ?" ಎಂದು ಅವನು ಕೇಳಿದ. "ಸಾರ್, ದಯವಿಟ್ಟು ಮೂರು ವಾರ ಹಿತ್ತಲಲ್ಲಿ ನಿಲ್ಲಬೇಡಿ. ಕಾಳು ಹಾಕಿ, ಮೊಟ್ಟೆ ತಗೊಳ್ಳಿ, ಒಳಗೆ ಬನ್ನಿ."

ಒಳಗೆ ಬಂದರು. ಅಡುಗೆಮನೆ ಕಿಟಕಿಯಿಂದ ನೋಡುವುದೇ ಇನ್ನು ಕೆಲಸ. ಆ ಕಿಟಕಿಗೆ ಗೂಡು ಕಾಣುತ್ತಿತ್ತು, ಆದರೆ ಬಟ್ಟೆ ಒಗೆಯುವ ಕಲ್ಲಾಗಲಿ, ಅದರ ಹಿಂದೆ ಗೋಡೆಗೆ ಒರಗಿಸಿದ ಹಳೆಯ ತಗಡುಗಳಾಗಲಿ ಕಾಣುತ್ತಿರಲಿಲ್ಲ. ಕಂಡಷ್ಟರಲ್ಲೇ ಕಥೆ ಸಾಕಷ್ಟಿತ್ತು. ಮೊಟ್ಟೆ ಇಡಲು ಎರಡು ಪೆಟ್ಟಿಗೆ ಇದ್ದವು. ಮಾವನವರು ಒಂದರ ಮೇಲೆ ಹತ್ತಿ ಕಾವಲು ನಿಂತರು, ಇನ್ನೊಂದರಲ್ಲಿ ಇಬ್ಬರು ಓರಗಿತ್ತಿಯರು ಹಗಲೆಲ್ಲ ಕೂತು ಹರಟಿದರು. ದೊಡ್ಡ ಹೇಂಟೆಗಳು ಹತ್ತಿರ ಬಂದು, ಕತ್ತು ಚಾಚಿ, ಮಾವನವರ ಒಂದು ನೋಟಕ್ಕೆ ಹಿಂದೆ ಸರಿದವು.

ಹತ್ತನೇ ದಿನ ಮೊಟ್ಟೆ ಸೊನ್ನೆ. ಹನ್ನೊಂದನೇ ದಿನವೂ ಸೊನ್ನೆ.

"ಇವತ್ತೂ ಇಲ್ವಾ?" ಎಂದು ಅಕ್ಕ ಕೇಳಿದಳು. ಕೇಳಿದ ರೀತಿಗೆ ಕಂಡಕ್ಟರ ಜೀವ ಬಾಯಿಗೆ ಬಂತು. ಮಂಚದ ಕೆಳಗೆ ಟ್ರಂಕು ಬೀಗ ಹಾಕಿಕೊಂಡೇ ಇತ್ತು. ಇನ್ನು ಹತ್ತೊಂಬತ್ತು ದಿನ. ಕೋಳಿ ಹೊಂದಿಕೊಳ್ಳಲಿಲ್ಲ ಎನ್ನುವುದಕ್ಕೆ ಖಾಲಿ ಪೆಟ್ಟಿಗೆಗಿಂತ ಬೇರೆ ಸಾಕ್ಷಿ ಬೇಕೆ?

ಮೂವತ್ತೊಂದು ವರ್ಷದಲ್ಲಿ ಒಬ್ಬನೇ ಒಬ್ಬ ಟಿಕೆಟ್ ಇಲ್ಲದವನನ್ನು ಬಿಡದ ಮನುಷ್ಯ, ಹನ್ನೆರಡನೇ ದಿನ ಬೆಳಿಗ್ಗೆ ಆರೂವರೆಗೆ ವಾಕಿಂಗ್ ಎಂದು ಹೇಳಿ ಮೂಲೆ ಅಂಗಡಿಗೆ ಹೋಗಿ, ಮೂರು ಮೊಟ್ಟೆ ಕೊಡಿ ಎಂದರು.

ಮೂಲೆ ಅಂಗಡಿಯಾಕೆ ಕನ್ನಡಕ ಕೆಳಗಿಳಿಸಿ ನೋಡಿದಳು. "ನಿಮ್ಮನೇಲೇ ಹಿಂಡು ಕೋಳಿ ಇದಾವಲ್ಲ?"

"ಇದ್ದಾವೆ. ಇದು ಸುಮ್ನೆ… ಹೋಲಿಸಿ ನೋಡೋಕೆ."

ಮೊಟ್ಟೆ ಫ್ರಿಜ್ಜಿನಿಂದ ಬಂದು ತಣ್ಣಗೆ ಕೊರೆಯುತ್ತಿದ್ದವು. ಈಗ ತಾನೇ ಇಟ್ಟ ಮೊಟ್ಟೆ ಬೆಚ್ಚಗಿರುತ್ತದೆ ಎನ್ನುವುದು ಅಕ್ಕನಿಗೆ ಗೊತ್ತಿಲ್ಲವೇ? ಕಂಡಕ್ಟರು ಒಂದೊಂದು ಕಂಕುಳಲ್ಲಿ ಒಂದೊಂದು, ಶರ್ಟಿನೊಳಗೆ ಹೊಟ್ಟೆಯ ಮೇಲೆ ಇನ್ನೊಂದು ಇಟ್ಟುಕೊಂಡು, ರಸ್ತೆಯಲ್ಲಿ ಎರಡು ಕೈಯನ್ನೂ ಮೈಗೆ ಅಂಟಿಸಿಕೊಂಡು ನಡೆದರು. ಎದುರು ಸಿಕ್ಕ ಪೋಸ್ಟ್‌ಮ್ಯಾನ್ "ಚಳಿಜ್ವರಾನಾ?" ಎಂದು ಕೇಳಿದ. ಹೂಂ ಎಂದು ತಲೆ ಆಡಿಸಿದರು. ಕೈ ಎತ್ತಿ ನಮಸ್ಕಾರ ಮಾಡುವ ಹಾಗಿರಲಿಲ್ಲ.

ಹತ್ತು ಗಂಟೆಗೆ ಅಕ್ಕ ಮೊಟ್ಟೆ ತೆಗೆಯಲು ಹೋದಳು. "ಮೂರಿದೆ ಕಣೋ!" ಎಂದು ಹಿತ್ತಲಿನಿಂದಲೇ ಕೂಗಿದಳು. ಕಂಡಕ್ಟರು ಪೇಪರಿನ ಹಿಂದೆ ಮುಖ ಅಡಗಿಸಿ ಮೀಸೆಯಲ್ಲೇ ನಕ್ಕರು. ಮರುಕ್ಷಣ ಅಕ್ಕ ಒಳಗೆ ಬಂದು ಒಂದು ಮೊಟ್ಟೆ ಎತ್ತಿ ಹಿಡಿದಳು. "ನಿನ್ನ ಕೋಳಿ ಕಂದು ಮೊಟ್ಟೆ ಅಲ್ವಾ ಇಡೋದು? ಇದು ಬೆಳ್ಳಗಿದೆ."

ಕಂಡಕ್ಟರು ನಾಲಿಗೆ ಕಚ್ಚಿಕೊಂಡರು. ಅವಸರದಲ್ಲಿ ಬಣ್ಣ ನೋಡಿರಲೇ ಇಲ್ಲ.

"ಗಾಬರಿಗೆ ಬಣ್ಣ ಬಿಟ್ಟಿರ್ಬೇಕು," ಎಂದರು.

ಅಕ್ಕ ಬಹಳ ಹೊತ್ತು ಆ ಮೊಟ್ಟೆಯನ್ನೇ ನೋಡಿದಳು. "ಪಾಪ," ಎಂದಳು.

ಮಾರನೆಯ ದಿನದಿಂದ ಹುಡುಕಿ ಹುಡುಕಿ ಕಂದು ಮೊಟ್ಟೆಯೇ ತಂದರು. ಏಕಾಏಕಿ ಜಾಸ್ತಿಯಾದರೆ ಅನುಮಾನ ಬರುತ್ತದೆಂದು ಎರಡು ದಿನಕ್ಕೊಂದರಂತೆ ಏರಿಸಿ ಐದಕ್ಕೆ ನಿಲ್ಲಿಸಿದರು: ಮೂರು, ಮೂರು, ನಾಲ್ಕು, ನಾಲ್ಕು, ಐದು. ಸಂಜೆ ನಾಲ್ಕಕ್ಕೆ ಸುಮ್ಮನೆ ಎಂಬಂತೆ ಪೆಟ್ಟಿಗೆಗಳನ್ನು ಇಣುಕಿ ನೋಡುವುದು ಅವರ ಹಳೆಯ ಅಭ್ಯಾಸ. ಹದಿನೈದನೇ ದಿನ ಸಂಜೆ ಇಣುಕಿದರೆ, ಎರಡು ಮೊಟ್ಟೆ! ಒಂದಕ್ಕೆ ಸಣ್ಣ ಪುಕ್ಕ ಕೂಡ ಅಂಟಿಕೊಂಡಿತ್ತು. ಕಂಡಕ್ಟರಿಗೆ ಆನಂದದಿಂದ ಕಣ್ಣು ಒದ್ದೆಯಾಯಿತು. ತಾವಿಟ್ಟದ್ದಲ್ಲದ ಮೊಟ್ಟೆ! ಹೇಂಟೆಗಳು ಹೊಂದಿಕೊಂಡವು, ಅಕ್ಕ ಉಳಿದಳು. ಇನ್ನು ಬೆಳಗಿನ ಮೋಸ ನಿಲ್ಲಿಸಬಹುದು ಎಂದುಕೊಂಡರು. ಆದರೆ ನಿಲ್ಲಿಸಿದರೆ ಬೆಳಗಿನ ಲೆಕ್ಕ ಬಿದ್ದುಹೋಗುತ್ತದೆ, ಅಕ್ಕ ಮತ್ತೆ "ಇವತ್ತೂ ಇಲ್ವಾ" ಅನ್ನುತ್ತಾಳೆ. ಸುಳ್ಳಿನ ಬಸ್ಸು ಹತ್ತಿದವರಿಗೆ ನಡುವೆ ಸ್ಟಾಪು ಸಿಗಲಿಲ್ಲ.

ಮೂಲೆ ಅಂಗಡಿಯಾಕೆ ಈಗ ಅವರನ್ನು ಕಂಡರೆ ಕೇಳದೆಯೇ ಮೊಟ್ಟೆ ಕಟ್ಟುತ್ತಿದ್ದಳು. "ಹೋಲಿಕೆ ಜೋರಾಗಿ ನಡೀತಿರೋ ಹಾಗಿದೆ. ಬೆಳಿಗ್ಗೇನೂ ಹೋಲಿಕೆ, ಮಧ್ಯಾಹ್ನಾನೂ ಹೋಲಿಕೆ," ಎಂದಳು ಒಂದು ದಿನ. ಮಧ್ಯಾಹ್ನ ಯಾರು ಎಂದು ಕೇಳುವಷ್ಟು ವ್ಯವಧಾನ ಕಂಡಕ್ಟರಿಗಿರಲಿಲ್ಲ. ಮೊಟ್ಟೆ ಆಗಲೇ ಕಂಕುಳಲ್ಲಿತ್ತು.

ತಂದದ್ದನ್ನು ತಿನ್ನಬೇಕಲ್ಲ. ಬೆಳಿಗ್ಗೆ ಆಮ್ಲೆಟ್ಟು, ಮಧ್ಯಾಹ್ನ ಬೇಯಿಸಿದ ಮೊಟ್ಟೆ, ರಾತ್ರಿ ಮೊಟ್ಟೆ ಸಾರು. ಗರಡಿಮನೆಯ ಹುಡುಗರೂ ಇಷ್ಟು ತಿಂದಿರಲಾರರು. ಇಬ್ಬರ ಹೊಟ್ಟೆಯೂ ಸಾಕಪ್ಪಾ ಎನ್ನುತ್ತಿತ್ತು, ಇಬ್ಬರೂ "ಎಷ್ಟು ಚೆನ್ನಾಗಿ ಇಡ್ತಿವೆ ಅಲ್ವಾ" ಎಂದು ಹೇಳಿಕೊಂಡು ಇನ್ನೊಂದು ತುತ್ತು ನುಂಗುತ್ತಿದ್ದರು.

ಈ ನಡುವೆ ಇನ್ನೊಂದಾಯಿತು. ಅತ್ತೆಯವರು ಒಗೆಯುವ ಕಲ್ಲಿನ ಹಿಂದಿನ ತಗಡುಗಳ ಮರೆಗೆ ಹೋಗಿ ಕೂತರು, ದಿನಕ್ಕೊಮ್ಮೆ ಕಾಳಿಗೆ ಬಂದರೆ ಬಂದರು. ಸಂಜೆ ಗೂಡಿಗೂ ಬರಲಿಲ್ಲ. ತಲೆ ಎಣಿಸಿದ ಕಂಡಕ್ಟರು ಹನ್ನೊಂದೇ ಇದೆ ಎಂದು ಚಡಪಡಿಸಿ, ಹೋಗಿ ನೋಡಲೇ ಎಂದರು. ಅಕ್ಕ ತೋಳು ಹಿಡಿದು ನಿಲ್ಲಿಸಿದಳು.

"ಬೇಡ. ಅತ್ತೆ ಮುನಿಸಿಕೊಂಡಿದ್ದಾರೆ. ಮಾವನವರ ಜೊತೆ ಏನೋ ಆಗಿದೆ."

"ಹಾಗಂತ ಅಲ್ಲೇ ಬಿಟ್ಟುಬಿಡೋದಾ? ಬೆಕ್ಕು ಬಂದ್ರೆ?"

"ಈ ಅತ್ತೆ ತಂಟೆಗೆ ಯಾವ ಬೆಕ್ಕೂ ಬರಲ್ಲ. ಮುನಿಸಿಕೊಂಡಾಗ ಮಾತಾಡ್ಸಿದ್ರೆ ಎರಡು ದಿನದ್ದು ಎಂಟು ದಿನ ಆಗತ್ತೆ. ಮೂವತ್ತೆಂಟು ವರ್ಷ ನೋಡಿದ್ದೀನಿ. ನೀನು ಆ ಕಡೆ ಕಾಲೇ ಹಾಕ್ಬೇಡ."

ಕೋಳಿ ಸಾಕಿದ ಬೇರೆ ಯಾರಿಗಾದರೂ ಹೇಂಟೆ ಹೀಗೆ ಮೂಲೆ ಹಿಡಿದು ಕೂತರೆ ಏನರ್ಥ ಎಂದು ಹೊಳೆಯುತ್ತಿತ್ತು. ಅಕ್ಕನಿಗೆ ಹೊಳೆಯಲಿಲ್ಲ. ಅವಳ ಪಾಲಿಗೆ ಅದು ಹೇಂಟೆಯಲ್ಲ, ಅತ್ತೆ. ಕಂಡಕ್ಟರು ಒಳಗೆ ಇಣುಕದೆಯೇ ತಗಡಿಗೊಂದು ಇಟ್ಟಿಗೆ ಒತ್ತು ಕೊಟ್ಟು, ಆ ಕಡೆ ಹೋಗುವುದನ್ನು ಬಿಟ್ಟರು.

ಇಪ್ಪತ್ತೆರಡನೇ ದಿನ. ಬೆಳಿಗ್ಗೆ ಕಂಡಕ್ಟರು ಐದು ಇಟ್ಟರು. ಅಕ್ಕ ಐದು ತೆಗೆದಳು. ಸಂಜೆ ಕಂಡಕ್ಟರು ಇಣುಕಿದರೆ ಪೆಟ್ಟಿಗೆಯಲ್ಲಿ ನಾಲ್ಕು.

ಐದೂ ನಾಲ್ಕೂ ಒಂಬತ್ತು. ದೊಡ್ಡ ಹೇಂಟೆ ಎಂಟು. ಗಿಡ್ಡ ಹೇಂಟೆಗಳ ಮೊಟ್ಟೆ ನಿಂಬೆಹಣ್ಣಿನಷ್ಟಿರುತ್ತವೆ, ಅವು ಇವಲ್ಲ. ಕಂಡಕ್ಟರು ಅಲ್ಲೇ ಕುಕ್ಕರುಗಾಲಲ್ಲಿ ಕೂತರು. ತಾವಿಟ್ಟ ಐದು ಕಳೆದರೆ ನಾಲ್ಕು, ಅದು ಸರಿ. ಆದರೆ ಅಕ್ಕನ ಲೆಕ್ಕದಲ್ಲಿ? ಒಂದು ಕೋಳಿ ದಿನಕ್ಕೆ ಎರಡು ಇಡುವುದುಂಟೆ? ನಾಲ್ಕನ್ನೂ ಒಳಗೆ ಒಯ್ದು ತೋರಿಸಿದರು, ಒಂಬತ್ತು ಎಂದು ಕಂಡೂ ಅಕ್ಕ ಯಾಕೆ ಬಾಯಿ ಬಿಡಲಿಲ್ಲ? ಎಂಟು ಜನ ಪ್ರಯಾಣಿಕರು, ಒಂಬತ್ತು ಟಿಕೆಟ್ಟು. ಇಂಥ ಟ್ರಿಪ್ಪನ್ನು ಅವರು ಜನ್ಮದಲ್ಲಿ ಮುಗಿಸಿರಲಿಲ್ಲ. ಅವತ್ತು ರಾತ್ರಿ ಊಟ ಸೇರಲಿಲ್ಲ, ಅಕ್ಕ ಬಡಿಸಿದ ಮೊಟ್ಟೆ ಸಾರು ಹಾಗೇ ಉಳಿಯಿತು.

ಮಾರನೆಯ ದಿನ ಮಧ್ಯಾಹ್ನ ತಪಾಸಣೆ. ಹಾಸಿಗೆಯಲ್ಲಿ ಎರಡು ದಿಂಬನ್ನು ಉದ್ದಕ್ಕೆ ಮಲಗಿಸಿ, ಹೊದಿಕೆ ಹೊದೆಸಿ, ಕಂಡಕ್ಟರು ಹಿತ್ತಲ ಬಚ್ಚಲುಮನೆ ಸೇರಿಕೊಂಡರು. ಕುತ್ತಿಗೆಗೆ ಸೀಟಿ ಹಾಕಿಕೊಂಡಿದ್ದರು, ತಪಾಸಣೆ ಎಂದಮೇಲೆ ಸೀಟಿ ಇರಬೇಕು. ಬಾಯಿಗೂ ಇಟ್ಟುಕೊಂಡರು. ಬಕೆಟ್ಟು ಬೋರಲು ಹಾಕಿ ಹತ್ತಿ ನಿಂತರೆ ಸಣ್ಣ ಕಿಟಕಿಯಿಂದ ಗೂಡು ನೇರ ಕಾಣುತ್ತಿತ್ತು.

ಮುಕ್ಕಾಲು ಗಂಟೆಯ ಮೇಲೆ ಹಿಂಬಾಗಿಲು ಸದ್ದಿಲ್ಲದೆ ತೆರೆಯಿತು. ಅಕ್ಕ. ಚಪ್ಪಲಿ ಇಲ್ಲ. ಕೈಯಲ್ಲಿ ಬಟ್ಟೆಯ ಚೀಲ. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಟಿಕೆಟ್ ಇಲ್ಲದೆ ಹತ್ತುವವರ ನೋಟ ಅದು, ಕಂಡಕ್ಟರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗೂಡಿನ ಮುಂದೆ ಕೂತು, ಚೀಲದಿಂದ ಪೇಪರು ಸುತ್ತಿದ ಮೊಟ್ಟೆಯೊಂದನ್ನು ತೆಗೆದು, ಉಗುಳು ಹಚ್ಚಿ, ನೆಲದಲ್ಲಿ ಬಿದ್ದಿದ್ದ ಪುಕ್ಕವನ್ನು ಅದಕ್ಕೆ ಜೋಪಾನವಾಗಿ ಅಂಟಿಸಿದಳು. ಮಾವನವರು ಪೆಟ್ಟಿಗೆಯ ಮೇಲಿಂದ ಬಗ್ಗಿ ನೋಡುತ್ತಿದ್ದರು. "ಯಾರಿಗೂ ಹೇಳ್ಬೇಡಿ ಮಾವ," ಎಂದಳು ಅಕ್ಕ ಪಿಸುಮಾತಿನಲ್ಲಿ.

ಕಂಡಕ್ಟರು ಬೆರಗಿನಿಂದ ಉಸಿರು ಎಳೆದುಕೊಂಡರು. ಎಳೆದ ಉಸಿರು ಹೊರಗೆ ಬರಲೇಬೇಕಲ್ಲ, ಬಂತು, ಸೀಟಿಯ ಮೂಲಕ.

ಅಷ್ಟು ಜೋರಾದ ಸೀಟಿ ಅವರು ಡ್ಯೂಟಿಯಲ್ಲಿದ್ದಾಗಲೂ ಊದಿರಲಿಲ್ಲ. ಅಕ್ಕನ ಕೈಯಿಂದ ಮೊಟ್ಟೆ ಬಿದ್ದು ಒಡೆಯಿತು. ಮಾವನವರು ಗೂಡಿನ ಸೂರಿಗೆ ಹಾರಿದರು. ಎಂಟು ದೊಡ್ಡವೂ ಎಂಟು ದಿಕ್ಕಿಗೆ. ಬಕೆಟ್ಟು ಮಗುಚಿ ಕಂಡಕ್ಟರು ಬಾಗಿಲ ಸಮೇತ ಹೊರಗೆ ಬಂದರು. ತಗಡಿನ ಹಿಂದಿನಿಂದ ಅತ್ತೆಯವರು, ಮೈಯ ಪುಕ್ಕವನ್ನೆಲ್ಲ ಕೆದರಿಕೊಂಡು ಎರಡರಷ್ಟು ದಪ್ಪವಾಗಿ, ಕಿರುಚುತ್ತ ಆಚೆ ನುಗ್ಗಿದರು. ಅವರ ಹಿಂದೆಯೇ ಒಂದು ಕಂದು ಮೊಟ್ಟೆ ಉರುಳಿಕೊಂಡು ಬಂದು ಒಗೆಯುವ ಕಲ್ಲಿಗೆ ತಾಗಿ ನಿಂತಿತು.

ಅಕ್ಕ ತಮ್ಮ ಇಬ್ಬರೂ ಆ ಮೊಟ್ಟೆಯನ್ನು ನೋಡಿದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕಂಡಕ್ಟರು ಹೋಗಿ ತಗಡು ಎತ್ತಿದರು.

ಒಣ ಎಲೆಯ ಮೇಲೆ ಸಾಲು ಸಾಲು ಮೊಟ್ಟೆ. ಕಂದು, ದಪ್ಪ, ಅಸಲಿ. ಕೆಲವು ಧೂಳು ಹಿಡಿದಿದ್ದವು, ನಾಲ್ಕೈದು ಇವತ್ತಿನ ಬೆಚ್ಚಗಿನವು. ನಡುವೆ ಆರು ಮೊಟ್ಟೆಗಳ ಸುತ್ತ ಅತ್ತೆಯವರು ತಮ್ಮ ಮೈಯ ಪುಕ್ಕ ಕಿತ್ತು ಹಾಸಿದ್ದರು. ಮುನಿಸೂ ಅಲ್ಲ, ಗಿನಿಸೂ ಅಲ್ಲ, ಕಾವಿಗೆ ಕೂತಿದ್ದರು. ಕಂಡಕ್ಟರ ತುಟಿ ತಾನಾಗಿ ಅಲ್ಲಾಡಿತು. "ಮೂವತ್ತೆಂಟು," ಎಂದರು. ಮಾವನವರು ಪೆಟ್ಟಿಗೆ ಬಿಟ್ಟುಕೊಡದಿದ್ದಾಗ ಎಂಟು ಹೇಂಟೆಗಳೂ ಜಗಳ ಯಾಕೆ ಎಂದು ಇಲ್ಲಿಗೆ ಬಂದು ತಮ್ಮ ಪಾಡಿಗೆ ಇಟ್ಟುಹೋಗುತ್ತಿದ್ದವು. ಅತ್ತೆಯವರು ಅವನ್ನು ತಮ್ಮವೇ ಎಂದುಕೊಂಡು, ತಮ್ಮ ಮೈ ಮುಚ್ಚುವಷ್ಟನ್ನು ಮುಚ್ಚಿದ್ದರು. ಹೊಂದಿಕೊಂಡು ಹನ್ನೆರಡು ದಿನವಾಗಿತ್ತು. ಮನೆಯ ಯಜಮಾನರಿಗೆ ಮಾತ್ರ ಸುದ್ದಿ ತಲುಪಿರಲಿಲ್ಲ.

"ಬೆಳಗಿನವು ನಾನು ತಂದಿದ್ದು," ಎಂದರು ಕಂಡಕ್ಟರು, ತಗಡು ಹಿಡಿದುಕೊಂಡೇ.

"ಎಲ್ಲಾನಾ?"

"ಎಲ್ಲಾ."

"ಆ ಬಿಳೀದು?"

"ಅದೂ."

ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು. "ಗಾಬರಿಗೆ ಬಣ್ಣ ಬಿಟ್ಟಿದೆ ಅಂದ್ಯಲ್ಲೋ! ನಾನು ನಂಬಿ ಎರಡು ದಿನ ಮಾವನವರಿಗೆ ಕಾಳೇ ಕಮ್ಮಿ ಹಾಕ್ದೆ!" ಎಂದು ನಗತೊಡಗಿದಳು. ನಕ್ಕು ನಕ್ಕು ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು. ಕಂಡಕ್ಟರೂ ನಕ್ಕರು, ಹನ್ನೆರಡು ದಿನದ ಆಮ್ಲೆಟ್ಟೆಲ್ಲ ಕರಗುವ ಹಾಗೆ ನಕ್ಕರು.

"ಮೊಟ್ಟೆ ಯಾಕೋ ತಂದಿದ್ದು?" ಎಂದು ನಗು ನಿಂತಮೇಲೆ ಅಕ್ಕ ಕೇಳಿದಳು.

ಕಂಡಕ್ಟರು ತಗಡನ್ನು ಮೆಲ್ಲಗೆ ಗೋಡೆಗೆ ಒರಗಿಸಿದರು. ಕೈ ಒರೆಸಿಕೊಂಡರು. ಇನ್ನು ಮಾಡಲು ಬೇರೇನೂ ಕೆಲಸ ಉಳಿದಿರಲಿಲ್ಲ.

"ಕೋಳಿ ಹೊಂದಿಕೊಳ್ಳಲಿಲ್ಲ ಅಂತ ನೀನು ಹೊರಟುಹೋಗ್ತೀಯ ಅಂತ. ಹೋಗ್ಬೇಡ ಅಕ್ಕ. ಅವು ಹೊಂದಿಕೊಂಡ್ರೂ ಇರು, ಕಿತ್ತಾಡ್ಕೊಂಡ್ರೂ ಇರು. ನನಗೆ ನೀನು ಬೇಕು."

ಹೇಳಿ ಮುಗಿಸಿದಾಗ ಅವರ ಧ್ವನಿ ಅವರಿಗೇ ಗುರುತು ಸಿಗಲಿಲ್ಲ. ಅತ್ತೆಯವರು ಅಕ್ಕನ ಕಾಲ ಪಕ್ಕದಿಂದಲೇ ಸರಸರ ಹಾದು ತಗಡಿನ ಮರೆಗೆ ಮರಳಿದರು.

"ನಾದಿನಿ ನಾಲ್ಕನೇ ದಿನಾನೇ ಫೋನ್ ಮಾಡಿದ್ಲು," ಎಂದಳು ಅಕ್ಕ. "ರೂಮು ಕೇಳ್ಕೊಂಡು ಬೇರೆಯವರು ಬಂದಿದ್ದಾರೆ, ಬರ್ತೀಯೋ ಇಲ್ವೋ ಈಗಲೇ ಹೇಳು ಅಂದ್ಲು. ಅವರಿಗೇ ಕೊಟ್ಟುಬಿಡು ಅಂದೆ."

"ನಾಲ್ಕನೇ ದಿನಾನಾ? ಮತ್ತೆ ಒಂದು ತಿಂಗಳು ನೋಡೋಣ ಅಂದಿದ್ದು?"

"ಅದು ನಿನಗೆ ಕೊಟ್ಟ ತಿಂಗಳು ಕಣೋ, ನನಗಲ್ಲ. ಒಬ್ಬನೇ ಇದ್ದು ಅಭ್ಯಾಸ ಆದೋನು ನೀನು. ಅಕ್ಕನ್ನ ಹೋಗು ಅನ್ನೋಕೆ ಬಾಯಿ ಬರಲ್ಲ, ಕೋಳಿ ನೆಪ ಇದ್ರೆ ಸುಲಭ ಆಗತ್ತೆ ಅಂತ."

ಕಂಡಕ್ಟರು ಕುತ್ತಿಗೆಯ ಸೀಟಿಯನ್ನು ತೆಗೆದು ಜೇಬಿಗೆ ಹಾಕಿಕೊಂಡರು.

"ನಾನು ಹೋಗು ಅಂದುಬಿಟ್ಟಿದ್ರೆ? ಎಲ್ಲಿಗೆ ಹೋಗ್ತಿದ್ದೆ?"

"ಗೊತ್ತಿರ್ಲಿಲ್ಲ," ಎಂದಳು ಅಕ್ಕ. "ಅದಕ್ಕೇ ದಿನಾ ಮೊಟ್ಟೆ ತರ್ತಿದ್ದೆ."